ಪಾಠಶಾಲೆ, ಪರಿಸರ ಮತ್ತು ಸತ್ಯದ ಲೆಕ್ಕ

ಪ್ರತಿ ವರ್ಷ ಜೂನ್ 5 ಬಂದೊಡನೆ ನಮ್ಮ ನಾಡಿನ ಶಾಲೆಗಳಲ್ಲಿ ವಿಶ್ವ ಪರಿಸರ ದಿನದ ಆಚರಣೆ ನಡೆಯುತ್ತದೆ. ಮುಂಜಾನೆ ಪ್ರಭಾತಫೇರಿ, ಅನಂತರ ಅತಿಥಿಗಳ ಹಸ್ತದಿಂದ ಸಸಿ ನೆಡುವ ಕಾರ್ಯಕ್ರಮ, ಬಳಿಕ ಭಾಷಣಗಳು, ಮಕ್ಕಳಿಗೆ ಪ್ರಬಂಧ ಹಾಗೂ ಚಿತ್ರಕಲೆಯ ಸ್ಪರ್ಧೆ. ಇವೆಲ್ಲವೂ ಸದುದ್ದೇಶದಿಂದಲೇ ನಡೆಯುತ್ತವೆ. ಆದರೂ ಅಂದು ನೆಟ್ಟ ಸಸಿ ಮುಂದಿನ ಜೂನ್ 5ರ ವರೆಗೆ ಬದುಕಿರುತ್ತದೆಯೆ, ಅಂದು ಬರೆದ ಪ್ರಬಂಧದ ಒಂದು ವಾಕ್ಯವಾದರೂ ಮಗುವಿನ ನಡತೆಯಲ್ಲಿ ಉಳಿದಿರುತ್ತದೆಯೆ ಎಂಬ ಪ್ರಶ್ನೆಯನ್ನು ನಾವು ಅಷ್ಟಾಗಿ ಕೇಳಿಕೊಳ್ಳುವುದಿಲ್ಲ. ದಯೆಯನ್ನು ಪಾಠವಾಗಿ ಕಲಿಸಬಹುದೆ? ಕಲಿಸಬಹುದಾದರೆ ಅದರ ವಿಧಾನ ಯಾವುದು? ಈ ವಿಷಯದಲ್ಲಿ ನನ್ನ ಅಲ್ಪ ಅನುಭವವನ್ನೂ, ಆ ಅನುಭವದಲ್ಲಿ ನನಗಾದ ನಾಚಿಕೆಯನ್ನೂ ವಾಚಕರ ಮುಂದಿಡಬೇಕೆಂಬುದು ಈ ಲೇಖನದ ಉದ್ದೇಶ.

ಮೊದಲು ಕಾನೂನಿನ ಮಾತು. 1976ರಲ್ಲಿ ನಮ್ಮ ಸಂವಿಧಾನಕ್ಕೆ 42ನೆಯ ತಿದ್ದುಪಡಿಯಾದಾಗ ನಾಗರಿಕರ ಮೂಲಭೂತ ಕರ್ತವ್ಯಗಳನ್ನು 51ಎ ವಿಧಿಯಲ್ಲಿ ಸೇರಿಸಲಾಯಿತು. ಕಾಡು, ಕೆರೆ, ನದಿ, ವನ್ಯಜೀವಿಗಳ ರಕ್ಷಣೆಯ ಜೊತೆಗೆ ಜೀವಿಗಳಲ್ಲಿ ಅನುಕಂಪವಿರಿಸುವುದೂ ಅಲ್ಲಿ ಒಂದು ಕರ್ತವ್ಯವೆನಿಸಿದೆ. ಒಂದು ರಾಷ್ಟ್ರದ ಸಂವಿಧಾನವು ಜೀವದಯೆಯನ್ನು ಪ್ರಜೆಯ ಕರ್ತವ್ಯವೆಂದು ಕರೆದದ್ದು ನಮ್ಮಂಥವರಿಗೆ ಸಂತೋಷದ ಸಂಗತಿ. ಎಂ. ಸಿ. ಮೆಹತಾ ಅವರು ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1991ರ ನವೆಂಬರ್ 22ರಂದು ತೀರ್ಪು ನೀಡಿ, ಪರಿಸರವನ್ನು ಶಾಲೆ ಕಾಲೇಜುಗಳಲ್ಲಿ ಕಡ್ಡಾಯ ವಿಷಯವನ್ನಾಗಿ ಕಲಿಸುವ ಏರ್ಪಾಡು ಆಗಬೇಕೆಂದಿತು. 2001-02ರಲ್ಲಿ ರಾಷ್ಟ್ರೀಯ ಹಸಿರು ಪಡೆಯ ಯೋಜನೆ ಬಂದು ಶಾಲೆಗಳಲ್ಲಿ ಪರಿಸರ ಸಂಘಗಳು ಹುಟ್ಟಿಕೊಂಡವು. ನಮ್ಮ ರಾಜ್ಯದ ಅರಣ್ಯ ಇಲಾಖೆಯು 'ಮಗುವಿಗೊಂದು ಮರ, ಶಾಲೆಗೊಂದು ವನ' ಹಾಗೂ 'ಚಿಣ್ಣರ ವನದರ್ಶನ' ಎಂಬ ಕಾರ್ಯಕ್ರಮಗಳನ್ನು ಹಾಕಿಕೊಂಡಿತು. ಅಂದಮೇಲೆ ಕಾನೂನು, ಪಠ್ಯ, ಯೋಜನೆ ಇವು ಯಾವುವೂ ಇಲ್ಲವೆನ್ನುವಂತಿಲ್ಲ. ಕೊರತೆ ಇರುವುದಾದರೆ ಅದು ಬೇರೆಲ್ಲಿಯೋ ಇರಬೇಕು.

ನನಗೆ ಅದು ತಿಳಿದದ್ದು ಒಬ್ಬ ಆರನೆಯ ಇಯತ್ತೆಯ ಹುಡುಗಿಯಿಂದ.

ಕೆಲವು ವರ್ಷಗಳ ಹಿಂದೆ ನಮ್ಮ ಭಾಗದ ಶಾಲೆಯೊಂದಕ್ಕೆ ಪರಿಸರ ದಿನದ ನಿಮಿತ್ತ ನೂರು ಸಸಿಗಳನ್ನು ಕೊಡಿಸಿದ್ದೆ. ವಾಣಿಜ್ಯ ಪದವಿ ಪಡೆದು ನಾಲ್ಕು ದಶಕ ಕಾಳುಕಡಿಯ ವ್ಯಾಪಾರ ಮಾಡಿದವನಾದ್ದರಿಂದ ಕೊಟ್ಟದ್ದನ್ನು ಲೆಕ್ಕದಲ್ಲಿ ಬರೆದಿಡುವ ರೂಢಿ ನನಗಿದೆ. ಆ ನೂರು ಸಸಿಗಳನ್ನೂ ದಾನದ ಖಾತೆಯಲ್ಲಿ ಬರೆದು ಮರೆತುಬಿಟ್ಟೆ. ಮರುವರ್ಷ ಮತ್ತೆ ನೂರು ಸಸಿ ಬೇಕೆಂದು ಬೇಡಿಕೆ ಬಂದಿತು. ಜಾಗ ಎಲ್ಲಿದೆಯೆಂದು ನೋಡಹೋದರೆ, ಹೋದ ವರ್ಷ ತೋಡಿದ ತೆಗ್ಗುಗಳೇ ಖಾಲಿಯಾಗಿ ಕಾದು ಕುಳಿತಿದ್ದವು. ನಾನು ಆಶ್ಚರ್ಯದಿಂದ ನಿಂತಿರುವಾಗ ಆ ಹುಡುಗಿ ತನ್ನ ನೋಟುಬುಕ್ಕಿನ ಹಿಂದಿನ ಹಾಳೆಯನ್ನು ತೆರೆದು ತೋರಿಸಿದಳು. ತಿಂಗಳಿಗೊಮ್ಮೆ ಬದುಕಿದ ಸಸಿಗಳನ್ನು ಎಣಿಸಿ ಬರೆದಿಟ್ಟಿದ್ದಳು.

"ಅಜ್ಜಾರ, ಹಚ್ಚಿದ್ದು ನೂರು. ಈಗ ಇರೋವು ಹನ್ನೊಂದು. ಸೂಟಿಯೊಳಗ ಸಾಲಿ ಬಾಗಲಾ ಹಾಕಿರ್ತದ, ಆವಾಗ ನೀರ ಯಾರ ಹಾಕಬೇಕ್ರಿ?" ಎಂದು ಕೇಳಿದಳು.

ಅವಳ ಪ್ರಶ್ನೆಯಲ್ಲಿ ಇಡೀ ವಿಷಯದ ತಿರುಳಿದೆ. ನಮ್ಮ ಧಾರವಾಡದ ಕಡೆ ಮಳೆ ಜೂನಿನಲ್ಲಿ ಹಿಡಿದು ಅಕ್ಟೋಬರಿನ ಹೊತ್ತಿಗೆ ಮುಗಿಯುತ್ತದೆ. ಜೂನಿನಲ್ಲಿ ನೆಟ್ಟ ಸಸಿಗೆ ಮೊದಲ ನಾಲ್ಕು ತಿಂಗಳು ಆಕಾಶವೇ ನೀರುಣಿಸುತ್ತದೆ. ನಮ್ಮ ಕೈಯ ನೀರು ಅದಕ್ಕೆ ಬೇಕಾಗುವುದು ಆಮೇಲೆ. ಬಿಸಿಲು ಅತ್ಯಂತ ಕಠೋರವಾಗುವ ಏಪ್ರಿಲ್, ಮೇ ತಿಂಗಳುಗಳಲ್ಲಿ ಶಾಲೆಗೆ ರಜೆ. ಅಂದರೆ ಸಸಿಗೆ ಮಗು ಬೇಡವಾದಾಗ ಮಗು ಅದರ ಬಳಿ ಇರುತ್ತದೆ, ಮಗು ಬೇಕಾದಾಗ ಬೀಗ ಬಿದ್ದಿರುತ್ತದೆ. ಬದುಕಿದ ಹನ್ನೊಂದರಲ್ಲಿ ಎಂಟು, ಬಿಸಿಯೂಟದ ತಟ್ಟೆ ತೊಳೆಯುವ ನೀರು ಹರಿದು ಹೋಗುವ ಕಡೆ ಇದ್ದವು. ಉಳಿದ ಮೂರಕ್ಕೆ ಕಂಪೌಂಡಿನ ಆಚೆಯ ಮನೆಯ ಹೆಣ್ಣುಮಗಳು ಪಾತ್ರೆ ತೊಳೆದ ನೀರನ್ನು ಗೋಡೆಯ ಮೇಲಿಂದ ಸುರಿಯುತ್ತಿದ್ದಳಂತೆ. ನಮ್ಮ ಭಾಷಣಗಳಿಂದ ಬದುಕಿದ ಸಸಿ ಒಂದೂ ಇರಲಿಲ್ಲ.

ಇಲ್ಲಿ 2025ರಲ್ಲಿ ನಮ್ಮನ್ನು ಅಗಲಿದ ಸಾಲುಮರದ ತಿಮ್ಮಕ್ಕನವರನ್ನು ನೆನೆಯಬೇಕು. ಮಾಗಡಿ ತಾಲೂಕಿನ ಹುಲಿಕಲ್ಲಿನಿಂದ ಕುದೂರಿನ ವರೆಗಿನ ರಸ್ತೆಯಲ್ಲಿ ಅವರೂ ಅವರ ಪತಿಯೂ ಆಲದ ಸಾಲನ್ನು ಬೆಳೆಸಿದ ಕಥೆ ನಮ್ಮ ಮಕ್ಕಳಿಗೆಲ್ಲ ಗೊತ್ತು. ಶಾಲೆಯ ಮೆಟ್ಟಿಲು ಹತ್ತದ ಆ ತಾಯಿಗೆ 2019ರಲ್ಲಿ ಪದ್ಮಶ್ರೀ ಬಂದಿತು. ಆದರೆ ಆ ಕಥೆಯನ್ನು ಹೇಳುವಾಗ ನಾವು ಗಿಡಗಳ ಸಂಖ್ಯೆಯನ್ನು ಎತ್ತಿ ಹೇಳುತ್ತೇವೆ. ದಂಪತಿಗಳು ಕೊಡಗಳಲ್ಲಿ ನೀರು ಹೊತ್ತು ನಡೆದದ್ದನ್ನು, ದನಕರು ಮೇಯದಂತೆ ಮುಳ್ಳಿನ ಬೇಲಿ ಕಟ್ಟಿದ್ದನ್ನು ಅರ್ಧ ವಾಕ್ಯದಲ್ಲಿ ಮುಗಿಸುತ್ತೇವೆ. ನೆಡುವುದು ಒಂದು ದಿನದ ಕೆಲಸವಾದರೆ ನೀರು ಹೊರುವುದು ವರುಷಗಳ ಕೆಲಸ. ಮಗುವಿಗೆ ಕಲಿಸಬೇಕಾದದ್ದು ಈ ಎರಡನೆಯದನ್ನು.

ಆ ವರ್ಷ ನೂರರ ಬದಲು ಇಪ್ಪತ್ತೇ ಸಸಿ ನೆಟ್ಟೆವು. ಹೊಂಗೆ, ಬೇವು, ಹುಣಸೆ, ನೇರಳೆ. ಒಂದೊಂದು ಸಸಿಗೆ ಶಾಲೆಯ ಸಮೀಪದಲ್ಲಿಯೇ ಮನೆಯಿರುವ ಇಬ್ಬರು ಮಕ್ಕಳನ್ನು ಗೊತ್ತುಮಾಡಿ, ಸೂಟಿಯ ದಿನಗಳ ಪಾಳಿಯನ್ನು ಬರೆದು, ಗೇಟಿನ ಕೀಲಿಯನ್ನು ಎದುರುಮನೆಯವರಲ್ಲಿ ಇರಿಸಿದೆವು. ಹುಡುಗಿಯ ನೋಟುಬುಕ್ಕಿನ ಹಿಂದಿನ ಹಾಳೆ ಈಗ ಶಾಲೆಯ ಕಿರ್ದಿ ಪುಸ್ತಕವಾಯಿತು. ಪ್ರತಿ ತಿಂಗಳ ಮೊದಲ ಸೋಮವಾರ ಪ್ರಾರ್ಥನೆಯ ನಂತರ ಅದನ್ನು ಓದುವ ಪದ್ಧತಿ ಬಂದಿತು. ಮುಂದಿನ ಜೂನಿಗೆ ಹದಿನಾರು ಸಸಿ ಉಳಿದವು. ಸತ್ತ ನಾಲ್ಕರ ಎದುರು ಮಕ್ಕಳು ಕಾರಣವನ್ನೂ ಬರೆದಿದ್ದರು: ಎರಡನ್ನು ಆಡು ತಿಂದಿತು, ಒಂದಕ್ಕೆ ಗೆದ್ದಲು ಹತ್ತಿತು, ಒಂದನ್ನು ನಾವು ಮರೆತೆವು. ಈ ಕೊನೆಯ ವಾಕ್ಯವನ್ನು ಓದಿದಾಗ ನನಗೆ ಬಹಳ ಗೌರವವುಂಟಾಯಿತು. ಬರಿಯ ಜಮೆಯನ್ನು ಬರೆದು ಖರ್ಚನ್ನು ಬಿಡುವ ಪುಸ್ತಕವನ್ನು ಯಾವ ವ್ಯಾಪಾರಿಯೂ ಲೆಕ್ಕವೆಂದು ಕರೆಯಲಾರ. ಪರಿಸರದ ವಿಷಯದಲ್ಲಿ ಮಾತ್ರ ನಾವು ನೆಟ್ಟದ್ದನ್ನಷ್ಟೇ ಬರೆಯುತ್ತ ಬಂದಿದ್ದೇವೆ.

ಇಲ್ಲಿಯ ತನಕ ನನ್ನ ಮನಸ್ಸು ಸಂತೋಷದಿಂದಲೇ ಇತ್ತು. ಮುಂದಿನ ಸಂಗತಿ ಹಾಗಲ್ಲ. ಅದನ್ನು ಹೇಳುವ ಮೊದಲು ನಮ್ಮ ಊರ ಕೆರೆಯ ವಿಷಯವನ್ನು ತಿಳಿಸಬೇಕು.

ಕೆಲಗೇರಿಯ ಕೆರೆ ಧಾರವಾಡದಿಂದ ಗೋವಾಕ್ಕೆ ಹೋಗುವ ರಸ್ತೆಯ ಬದಿಗಿದೆ. ಧಾರವಾಡಕ್ಕೆ ಕುಡಿಯುವ ನೀರನ್ನು ಒದಗಿಸಲೆಂದೇ ಹಿಂದಿನವರು ಅದನ್ನು ಕಟ್ಟಿಸಿದರು. ಮುಂದೆ ನಗರ ಬೆಳೆದು, ಸವದತ್ತಿಯ ಬಳಿಯ ಮಲಪ್ರಭಾ ಜಲಾಶಯದಿಂದ ಕೊಳವೆಯಲ್ಲಿ ನೀರು ಬರತೊಡಗಿತು. ಅದರಿಂದ ಜನರ ಬವಣೆ ಕಡಿಮೆಯಾದದ್ದು ನಿಜ. ಆದರೆ ಅದೇ ಹೊತ್ತಿಗೆ ಕೆರೆಯು ನಮ್ಮ ಕೊಡಪಾನದಿಂದ ದೂರವಾಯಿತು. ಬಾಯಿಗೆ ಬಾರದ ನೀರಿನ ಕಡೆಗೆ ಕಣ್ಣೂ ಹೋಗದು. ಸುತ್ತಲಿನ ಬಡಾವಣೆಗಳ ಕೊಳಚೆ ಅದರೊಳಗೆ ಸೇರಿತು, ಜಲಕಳೆ ಹಬ್ಬಿತು.

ನಮ್ಮ ತಾಯಿಯವರು ಬಾವಿಯ ನೀರನ್ನು ದಪ್ಪ ಬಟ್ಟೆಯಲ್ಲಿ ಸೋಸುತ್ತಿದ್ದುದನ್ನು ನಾನು ಬಾಲ್ಯದಲ್ಲಿ ಕಂಡಿದ್ದೇನೆ. ಸೋಸಿದ ಮೇಲೆ ಆ ಬಟ್ಟೆಯ ಮೇಲೆ ಸೋಸಿದ ನೀರನ್ನೇ ಹನಿಸಿ, ಬಟ್ಟೆಗೆ ಅಂಟಿದ ಸೂಕ್ಷ್ಮ ಜೀವಗಳನ್ನು ಮೆಲ್ಲನೆ ಅದೇ ಬಾವಿಗೆ ಮರಳಿಸುತ್ತಿದ್ದರು. ಒಂದು ಬಾವಿಯ ಜೀವಗಳನ್ನು ಮತ್ತೊಂದು ಬಾವಿಗೆ ಬಿಡಬಾರದೆಂಬ ಕಟ್ಟಳೆಯಿತ್ತು. ಈ ಆಚಾರದಲ್ಲಿ ಜೀವದಯೆ ಇದೆಯೆಂಬುದನ್ನು ಎಲ್ಲರೂ ಬಲ್ಲೆವು. ಅದರಲ್ಲಿ ಇನ್ನೊಂದು ಪಾಠವೂ ಅಡಗಿತ್ತು. ತಾನು ಕುಡಿಯುವ ನೀರು ಎಲ್ಲಿಂದ ಬಂದಿತೆಂಬುದನ್ನು ಮನೆಯ ಮಗು ದಿನವೂ ಕಾಣುತ್ತಿತ್ತು. ಇಂದು ನಲ್ಲಿಯ ನೀರನ್ನು ಸೋಸಿ ಕುಡಿಯುವ ಮನೆಗಳು ನಮ್ಮಲ್ಲಿ ಉಳಿದಿವೆ, ಸಂತೋಷ. ಆದರೆ ಆ ಬಟ್ಟೆಯನ್ನು ಯಾವ ಜಲಕ್ಕೆ ಮರಳಿಸುವುದು? ಸವದತ್ತಿಗೆ ಒಯ್ಯಲಾಗುವುದೆ? ಆಚಾರ ಉಳಿಯಿತು, ಅದರೊಳಗಿದ್ದ ತಿಳಿವಳಿಕೆ ಜಾರಿಹೋಯಿತು. ಅದನ್ನು ಮರಳಿ ಕೊಡುವ ಕೆಲಸವನ್ನು ಈಗ ಶಾಲೆಯೇ ಮಾಡಬೇಕಾಗಿದೆ.

ಇದನ್ನೇ ಮನಸ್ಸಿನಲ್ಲಿಟ್ಟು ಆ ಶಾಲೆಯ ಅಕ್ಕೋರು ಏಳನೆಯ ಇಯತ್ತೆಯ ಮಕ್ಕಳಿಗೆ ಒಂದು ಅಭ್ಯಾಸ ಹಾಕಿದರು. ನಲ್ಲಿಯ ನೀರು ಎಲ್ಲಿಂದ ಬರುತ್ತದೆಂದು ಹಿರಿಯರನ್ನು ಕೇಳಿ ಬರೆಯಬೇಕು. ಬಳಸಿದ ನೀರು ಎಲ್ಲಿಗೆ ಹೋಗುತ್ತದೆಂದು ಗಟಾರದ ಗುಂಟ ನಡೆದು ನೋಡಿ ಬರೆಯಬೇಕು. ಮಕ್ಕಳು ಶಿಕ್ಷಕರೊಡನೆ ಎರಡು ಶನಿವಾರ ನಡೆದರು. ಗಟಾರವು ಕೆರೆಯ ಕಡೆಗೆ ಹೋಗುವ ನಾಲೆಯನ್ನು ಸೇರುತ್ತಿತ್ತು. ದಾರಿಯಲ್ಲಿ ಎಲ್ಲೆಲ್ಲಿ ಏನೇನು ಕಂಡಿತೆಂದು ಕಿರ್ದಿಯಲ್ಲಿ ಬರೆದರು. ಒಂದು ಕಡೆ ಗ್ಯಾರೇಜಿನ ಎಣ್ಣೆ, ಒಂದು ಕಡೆ ಕಟಿಂಗ್ ಅಂಗಡಿಯ ಕೂದಲು. ಮುಂದಿನ ಸಾಲು ಹೀಗಿತ್ತು: ಬಸದಿಯ ಹಿಂದೆ, ಊಟದ ಪ್ಲಾಸ್ಟಿಕ್ ತಟ್ಟೆ ಮತ್ತು ಲೋಟ, ಎಣಿಸಲು ಆಗಲಿಲ್ಲ.

ಆ ಬಸದಿಯ ವಿಶ್ವಸ್ತರಲ್ಲಿ ನಾನೂ ಒಬ್ಬ.

ತಟ್ಟೆ ಲೋಟಗಳು ಹಿಂದಿನ ವಾರ ನಡೆದ ವಿಧಾನ ಪೂಜೆಯ ಪ್ರಸಾದ ಭೋಜನದವು. ಗುತ್ತಿಗೆಯವನಿಗೆ ಕಸ ಸಾಗಿಸಲು ಹಣ ಕೊಟ್ಟಿದ್ದೆವು, ಅವನು ಹಿತ್ತಲಿಗೆ ಎಸೆದು ಹೋಗಿದ್ದ, ನಾವು ಹಿತ್ತಲಿಗೆ ಹೋಗಿ ನೋಡಿರಲಿಲ್ಲ. ಇಂಥ ತಟ್ಟೆ ಲೋಟಗಳನ್ನು ನಮ್ಮ ರಾಜ್ಯ ಸರಕಾರ 2016ರಲ್ಲಿಯೇ ನಿಷೇಧಿಸಿತ್ತು. 2022ರ ಜುಲೈ 1ರಿಂದ ದೇಶಕ್ಕೆಲ್ಲ ಆ ನಿಷೇಧ ಬಂದಿತ್ತು. ಇದೆಲ್ಲ ತಿಳಿದಿದ್ದೂ ನನ್ನ ಮನಸ್ಸಿಗೆ ಮೊದಲು ಹೊಳೆದದ್ದು ಬೇರೆ. ಕಿರ್ದಿಯನ್ನು ಸೋಮವಾರ ಎಲ್ಲರೆದುರು ಓದುತ್ತಾರೆ, ಸಮಾಜಕ್ಕೆ ಕೆಟ್ಟ ಹೆಸರು ಬಂದೀತು. ನಾನು ಅಕ್ಕೋರನ್ನು ಕಂಡು, ಆ ಒಂದು ಸಾಲನ್ನು ಬಿಡಿಸಲು ಆಗುವುದೇ ಎಂದು ಕೇಳಿದೆ. ಸ್ವಚ್ಛ ಮಾಡಿಸುವ ಜವಾಬ್ದಾರಿ ನನ್ನದು ಎಂದೂ ಸೇರಿಸಿದೆ.

ಅವರು ಸಿಟ್ಟಾಗಲಿಲ್ಲ. "ಯಜಮಾನ್ರ, ಕಂಡಿದ್ದನ್ನ ಬರೀರಿ ಅಂತ ನಾವ ಹೇಳೇವಿ. ಈಗ ಇದನ್ನ ಒರಸ್ರಿ ಅಂತ ಹ್ಯಾಂಗ ಹೇಳೂದು? ನೀವ ಬಂದು ಹೇಳ್ತೀರೇನ್ರಿ?" ಎಂದರು.

ನಾನು ಹೇಳಲಾರದೆ ಹಿಂತಿರುಗಿದೆ. ಆ ರಾತ್ರಿ ನಿದ್ದೆ ಬರಲಿಲ್ಲ. ಅಹಿಂಸೆ, ಸತ್ಯ, ಅಸ್ತೇಯ ಎಂದು ಅಣುವ್ರತಗಳನ್ನು ಮಕ್ಕಳ ಬಾಯಿಪಾಠ ಮಾಡಿಸುವ ನಾನು, ಅಹಿಂಸೆಯ ಪಾಠ ನಡೆಯುತ್ತಿರುವಾಗಲೇ ಸತ್ಯವನ್ನು ಒರಸಲು ಹೇಳಹೊರಟಿದ್ದೆ. ಸೋಮವಾರ ಆ ಸಾಲನ್ನು ಓದಿದರು. ನಾನೂ ಹೋಗಿ ಮಕ್ಕಳ ಹಿಂದೆ ನಿಂತು ಕೇಳಿದೆ.

ನಾನು ಸಮಾಜದ ಮುಂದಿಡಬೇಕೆಂದಿರುವ ಮಾತು ಇದೇ. ನಿಸರ್ಗವನ್ನು ಕಾಪಾಡಲು ಶಾಲೆ ಮಕ್ಕಳಿಗೆ ಕಲಿಸಬೇಕಾದರೆ ಎರಡನ್ನು ಅವರ ಕೈಗೆ ಕೊಡಬೇಕು: ಕಾಪಾಡಲು ಒಂದು ಜೀವ, ಬರೆಯಲು ಒಂದು ಸತ್ಯವಾದ ಲೆಕ್ಕ. ಆ ಲೆಕ್ಕದಲ್ಲಿ ಹಿರಿಯರಾದ ನಮ್ಮ ಹೆಸರು ಬಂದಾಗ ಅದನ್ನು ಸಹಿಸುವುದು ನಮ್ಮ ಪಾಲಿನ ಪಾಠ. ಇದಿಲ್ಲದೆ ಮಗು ಕಲಿಯುವುದು ಪರಿಸರದ ಮಾತನ್ನು ಮಾತ್ರ.

ನಮ್ಮ ಆಚಾರ್ಯರು ಈ ವಿಷಯವನ್ನು ಬಹು ಸೂಕ್ಷ್ಮವಾಗಿ ವಿಚಾರಿಸಿದ್ದಾರೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡಗಳನ್ನು ವಿವರಿಸುತ್ತ ಪ್ರಮಾದಚರ್ಯೆಯನ್ನು ಹೇಳುತ್ತಾರೆ. ಪ್ರಯೋಜನವಿಲ್ಲದೆ ನೆಲವನ್ನು ಅಗೆಯುವುದು, ನೀರನ್ನು ಚೆಲ್ಲುವುದು, ಬೆಂಕಿ ಹಚ್ಚುವುದು, ಗಿಡಬಳ್ಳಿಗಳನ್ನು ಕಡಿಯುವುದು ಇದರಲ್ಲಿ ಸೇರುತ್ತವೆ. ಇಲ್ಲಿ ದೋಷಕ್ಕೆ ಮೂಲ ಕ್ರೌರ್ಯವಲ್ಲ, ಅಲಕ್ಷ್ಯ. ಬಸದಿಯ ಹಿಂದೆ ಬಿದ್ದ ತಟ್ಟೆಗಳ ವಿಷಯದಲ್ಲಿ ನಮ್ಮ ಯಾರಲ್ಲಿಯೂ ದ್ವೇಷವಿರಲಿಲ್ಲ, ನೋಡದಿರುವಿಕೆ ಇತ್ತು. ಶ್ವೇತಾಂಬರ ಪರಂಪರೆಯ ಹೇಮಚಂದ್ರಾಚಾರ್ಯರು 12ನೆಯ ಶತಮಾನದಲ್ಲಿ ರಚಿಸಿದ ಯೋಗಶಾಸ್ತ್ರದಲ್ಲಿ ಶ್ರಾವಕನು ಬಿಡಬೇಕಾದ ಹದಿನೈದು ವೃತ್ತಿಗಳನ್ನು ಹೇಳಿದ್ದಾರೆ. ಕಾಡು ಕಡಿದು ಮಾರುವುದು, ಇದ್ದಿಲು ಸುಡುವುದು ಅವುಗಳಲ್ಲಿವೆ. ಕೆರೆ ಸರೋವರಗಳನ್ನು ಬತ್ತಿಸುವುದೂ ಇದೆ. ಅಂದಿನ ವರ್ತಕನಿಗೆ ಕೆರೆ ಬತ್ತಿಸುವುದು ದೋಷವಾದರೆ, ಕೆರೆಯನ್ನು ಹೂಳಿಸಿ ನಿವೇಶನ ಮಾಡುವುದು, ಅದರೊಳಗೆ ಕೊಳಚೆ ಬಿಡುವುದು ಇಂದಿನ ವರ್ತಕನಿಗೆ ಗುಣವಾದೀತೆ?

ಒಂದು ಆಕ್ಷೇಪವನ್ನು ಇಲ್ಲಿ ಎದುರಿಸಬೇಕು. ನೆಲ ಅಗೆದರೆ ಪೃಥ್ವೀಕಾಯ ಜೀವಗಳಿಗೆ ಹಿಂಸೆ, ಕೆರೆಯ ಜಲಕಳೆಯನ್ನು ಕಿತ್ತರೆ ವನಸ್ಪತಿಗೂ ಅದರಲ್ಲಿ ನೆಲೆಸಿದ ಹುಳುಗಳಿಗೂ ಹಿಂಸೆ; ಮಕ್ಕಳನ್ನು ಇಂಥ ಆರಂಭಕ್ಕೆ ಹಚ್ಚುವುದು ಸರಿಯೆ ಎಂದು ಹಿರಿಯರೊಬ್ಬರು ನನ್ನನ್ನು ಕೇಳಿದರು. ಪ್ರಶ್ನೆ ಗಂಭೀರವಾದದ್ದು. ಮುನಿಗಳಿಗೆ ಮಹಾವ್ರತವಿದೆ, ಅವರು ಈ ಕೆಲಸಕ್ಕೆ ಕೈಹಾಕುವುದಿಲ್ಲ. ಗೃಹಸ್ಥನಾದರೋ ಸಂಕಲ್ಪ ಹಿಂಸೆಯನ್ನು ಬಿಟ್ಟು, ಆರಂಭದಲ್ಲಿ ಅನಿವಾರ್ಯವಾದುದನ್ನು ಯತ್ನಪೂರ್ವಕ ಕಡಿಮೆ ಮಾಡುತ್ತ ಬಾಳುವವನು. ಕೊಳಚೆಯಿಂದ ಕೆರೆಯ ಉಸಿರು ಕಟ್ಟಿ ಮೀನು, ಆಮೆ, ಕಪ್ಪೆಗಳು ಸಾಯುವುದನ್ನು ಕಂಡೂ ಸುಮ್ಮನಿರುವುದರಿಂದ ನಮ್ಮ ಹಿಂಸೆ ಕಡಿಮೆಯಾಗದು. ಆ ಕೊಳಚೆಯೂ ನಮ್ಮ ಮನೆಯದೇ. ಆದ್ದರಿಂದ ಮಕ್ಕಳಿಗೆ ಕಳೆ ಕೀಳಿಸುವುದಕ್ಕಿಂತ ಮೊದಲು, ಕಳೆಗೆ ಉಣಿಸಾಗುವ ಕೊಳಚೆ ಯಾವ ಮನೆಯಿಂದ ಬಂದಿತೆಂದು ತೋರಿಸಬೇಕು. ಮೂಲವನ್ನು ತಡೆದಷ್ಟೂ ಕೀಳುವ ಹಿಂಸೆ ತಪ್ಪುತ್ತದೆ. ಹಿರಿಯರು ಇದನ್ನು ಪೂರ್ಣವಾಗಿ ಒಪ್ಪಲಿಲ್ಲ. ಅವರ ಅನುಮಾನವೂ ನಮ್ಮನ್ನು ಎಚ್ಚರದಲ್ಲಿಡುವುದರಿಂದ ಅದಕ್ಕೂ ಗೌರವವಿರಲಿ.

ಹಸಿರಾದುದೆಲ್ಲ ಹಿತವೆಂದೂ ಮಕ್ಕಳಿಗೆ ಕಲಿಸಬಾರದು. 1987ರ ನವೆಂಬರ್ 14ರಂದು, ಆಗ ಧಾರವಾಡ ಜಿಲ್ಲೆಯಲ್ಲಿದ್ದು ಈಗ ಹಾವೇರಿ ಜಿಲ್ಲೆಗೆ ಸೇರಿರುವ ಕುಸನೂರಿನಲ್ಲಿ 'ಕಿತ್ತಿಕೋ ಹಚ್ಚಿಕೋ' ಎಂಬ ಸತ್ಯಾಗ್ರಹ ನಡೆಯಿತು. ಊರವರ ಸಾಮೂಹಿಕ ಭೂಮಿಯನ್ನು ಕಾರಖಾನೆಗೆ ಬೇಕಾದ ನೀಲಗಿರಿಗಾಗಿ ಕೊಟ್ಟಾಗ, ಧಾರವಾಡದ ಸಮಾಜ ಪರಿವರ್ತನ ಸಮುದಾಯದವರೂ ರೈತರೂ ಕೂಡಿ ನೀಲಗಿರಿಯ ಸಸಿಗಳನ್ನು ಕಿತ್ತು, ಜನಕ್ಕೂ ದನಕ್ಕೂ ಉಪಯೋಗವಾಗುವ ಗಿಡಗಳನ್ನು ಹಚ್ಚಿದರು. ಆ ಸತ್ಯಾಗ್ರಹಿಗಳು ಕೇಳಿದ ಪ್ರಶ್ನೆ ಸರಳವಾದದ್ದು: ಈ ಗಿಡ ಯಾರಿಗಾಗಿ? ನಮ್ಮ ಶಾಲೆಯ ಅಂಗಳದಲ್ಲಿ ಶೋಭೆಯ ಗಿಡ ನೆಡುವಾಗಲೂ ಮಗು ಈ ಪ್ರಶ್ನೆಯನ್ನು ಕೇಳುವಂತಾಗಬೇಕು. ಹಕ್ಕಿಗೆ ಹಣ್ಣು ಇದೆಯೆ, ದಾರಿಹೋಕರಿಗೆ ನೆರಳು ಇದೆಯೆ?

ಶ್ರವಣಬೆಳಗೊಳದ ಜೈನಮಠದ ಭಿತ್ತಿಚಿತ್ರಗಳಲ್ಲಿ ಷಡ್ಲೇಶ್ಯೆಯ ಚಿತ್ರವನ್ನು ನೋಡಿದವರು ನಮ್ಮಲ್ಲಿ ಅನೇಕರಿದ್ದಾರೆ. ಹಸಿದ ಆರು ಜನ ಹಣ್ಣಿನ ಮರದ ಬಳಿ ಬರುತ್ತಾರೆ. ಒಬ್ಬ ಬೇರುಸಹಿತ ಕೆಡವಲು ಬಯಸುತ್ತಾನೆ, ಒಬ್ಬ ಬೊಡ್ಡೆಯನ್ನು, ಒಬ್ಬ ದೊಡ್ಡ ಕೊಂಬೆಯನ್ನು, ಒಬ್ಬ ಸಣ್ಣ ರೆಂಬೆಯನ್ನು ಕಡಿಯಲು ಬಯಸುತ್ತಾನೆ. ಐದನೆಯವನು ಹಣ್ಣನ್ನಷ್ಟೇ ಕೀಳಬಯಸುತ್ತಾನೆ. ಆರನೆಯವನು ಕೆಳಗೆ ಉದುರಿದ್ದನ್ನು ಆಯ್ದು ತೃಪ್ತನಾಗುತ್ತಾನೆ. ಆರೂ ಜನರ ಹಸಿವು ಒಂದೇ, ಭಾವ ಬೇರೆ. ಈ ಕಥೆಯನ್ನು ನಮ್ಮ ಪಾಠಶಾಲೆಗಳಲ್ಲಿ ಕೃಷ್ಣ, ನೀಲ, ಕಾಪೋತ ಎಂದು ಹೆಸರುಗಳ ಪಟ್ಟಿಯಾಗಿ ಕಂಠಪಾಠ ಮಾಡಿಸುತ್ತೇವೆ. ನಾವು ನೆಟ್ಟ ನೇರಳೆಯು ಫಲ ಕೊಡುವ ಕಾಲ ಬಂದಾಗ ಆ ಮರದ ಬುಡದಲ್ಲಿಯೇ ಮಕ್ಕಳನ್ನು ಕೂಡಿಸಿ ಈ ಪಾಠ ಮಾಡಬೇಕೆಂಬ ಆಸೆ ನನಗಿದೆ.

1990ರ ಅಕ್ಟೋಬರ್ 23ರಂದು ಲಂಡನ್ನಿನಲ್ಲಿ, ಡಾ. ಎಲ್. ಎಂ. ಸಿಂಘ್ವಿಯವರು ರಚಿಸಿದ ನಿಸರ್ಗ ಕುರಿತ ಜೈನ ಘೋಷಣೆಯನ್ನು ರಾಜಕುಮಾರ ಫಿಲಿಪ್ ಅವರಿಗೆ ಅರ್ಪಿಸಲಾಯಿತು. ಜೈನರ ಜೀವದೃಷ್ಟಿ ಜಗತ್ತಿಗೆ ಬೇಕೆಂದು ನಾವು ಅಂದು ಸಾರಿದೆವು. ಜಗತ್ತಿಗೆ ಸಾರಿದ ಮಾತು ನಮ್ಮ ಬಸದಿಯ ಹಿತ್ತಲಿಗೂ ಅನ್ವಯಿಸಬೇಕಷ್ಟೆ.

ಬಸದಿಯ ವಿಶ್ವಸ್ತ ಮಂಡಳಿಯಲ್ಲಿ ಈ ವಿಷಯವನ್ನು ಇಟ್ಟಾಗ ಎಲ್ಲರೂ ಒಮ್ಮತದಿಂದ ಒಪ್ಪಿದರೆಂದು ಬರೆದರೆ ಅದು ಸುಳ್ಳಾದೀತು. ಸ್ಟೀಲಿನ ತಟ್ಟೆ ತೊಳೆಯುವವರು ಯಾರು, ಅದಕ್ಕೆ ನೀರು ಎಷ್ಟು ಬೇಕು ಎಂದು ವಾದವಾಯಿತು. ಕಡೆಗೆ ಮುನ್ನೂರು ತಟ್ಟೆ, ಮುನ್ನೂರು ಲೋಟ ಕೊಂಡೆವು. ಮನೆಗಳು ಪಾಳಿಯ ಮೇಲೆ ತೊಳೆಯುತ್ತವೆ, ಆ ನೀರು ಹಿತ್ತಲಿನ ಬಾಳೆಗೆ ಹೋಗುತ್ತದೆ. ಮರುವರ್ಷ ಒಂದು ಸಮಾರಂಭಕ್ಕೆ ಜನ ಹೆಚ್ಚಾಗಿ ಮತ್ತೆ ಪ್ಲಾಸ್ಟಿಕ್ ಲೋಟ ಬಂದವು. ಮಕ್ಕಳ ಕಿರ್ದಿಯಲ್ಲಿ ಅದೂ ದಾಖಲಾಯಿತು. ಈ ಸಲ ನಾನು ಒರಸಲು ಕೇಳಲಿಲ್ಲ.

ನಮ್ಮ ಸಮಾಜದ ಬಂಧುಗಳು ನಡೆಸುವ ಶಾಲೆಗಳು, ವಸತಿನಿಲಯಗಳು, ಬಸದಿಗಳ ಪಾಠಶಾಲೆಗಳು ಉತ್ತರ ಕರ್ನಾಟಕದಲ್ಲಿ ಸಾಕಷ್ಟಿವೆ. ಅವುಗಳ ವಿಶ್ವಸ್ತರಲ್ಲಿ ನನ್ನ ವಿನಂತಿ ಇಷ್ಟೇ. ಬರುವ ಜೂನಿನಲ್ಲಿ, ಬೇಸಿಗೆಯಲ್ಲಿ ನೀರುಣಿಸಲು ಸಾಧ್ಯವಾಗುವಷ್ಟೇ ಸಸಿಗಳನ್ನು ನೆಡಿಸಿರಿ. ಸೂಟಿಯ ಪಾಳಿಯನ್ನು ಸಸಿ ನೆಡುವ ದಿನವೇ ಬರೆದಿಡಿರಿ. ಮಕ್ಕಳ ಕೈಗೆ ಒಂದು ಕಿರ್ದಿ ಪುಸ್ತಕ ಕೊಟ್ಟು, ಸತ್ತ ಸಸಿಗಳನ್ನೂ ಅದರಲ್ಲಿ ಬರೆಯಲು ಹೇಳಿರಿ. ವರ್ಷಕ್ಕೊಮ್ಮೆ ನೀರಿನ ದಾರಿಯ ಗುಂಟ ಅವರನ್ನು ನಡೆಸಿರಿ. ದಶಲಕ್ಷಣ ಪರ್ವದಲ್ಲಿ ಉತ್ತಮ ಸತ್ಯದ ದಿನ ಪ್ರವಚನವಾದ ಮೇಲೆ ಆ ಪುಸ್ತಕವನ್ನು ತರಿಸಿ, ಮಕ್ಕಳಿಂದಲೇ ಓದಿಸಿ ಕೇಳಿರಿ. ನಮ್ಮ ಹೆಸರು ಬಂದರೆ ತಲೆ ತಗ್ಗಿಸೋಣ, ಮತ್ತು ಮರುದಿನ ಬಸದಿಯ ಹಿತ್ತಲಿಗೆ ನಾವೇ ಹೋಗಿ ನೋಡೋಣ.